ಚೀಟಿಯ ನಂಬರ್ ಬದಲಾಯಿತು, ಬದಲಾದದ್ದು ಕಣ್ಣೇನಾ?

(ಧಾರವಾಡದಲ್ಲಿ ಪಿಯು ವಿದ್ಯಾರ್ಥಿಗಳು ಮತ್ತು ಅವರ ಪಾಲಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಬರುವಾಗ ಚಾಳೀಸಿನ, ಅಂದರೆ ಕನ್ನಡಕದ, ನಂಬರ್ ಬರೆದ ಹಳೆಯ ಚೀಟಿಗಳನ್ನೂ ತನ್ನಿ ಅಂತ ಹೇಳಿ ಕಳಿಸಿದ್ದೆ. ಬಹಳ ಜನರ ಕೈಯಲ್ಲಿ ಕಾಣುತ್ತಿವೆ, ಸಂತೋಷ. ಒಂದೇ ಚೀಟಿ ತಂದವರಿಗಿಂತ ಎರಡು ಮೂರು ವರ್ಷದ ಚೀಟಿ ತಂದವರಿಗೆ ಇವತ್ತು ಜಾಸ್ತಿ ಉಪಯೋಗ ಆಗುತ್ತದೆ.

ಹುಬ್ಬಳ್ಳಿಯಲ್ಲಿ ನಾನು ಕಣ್ಣು ಪರೀಕ್ಷೆ ಮಾಡುವ ಕೋಣೆಗೆ ಬರುವ ತಾಯಂದಿರು ಕೂಡುವ ಮೊದಲೇ ಹೇಳುವ ಮಾತು ಒಂದೇ. "ಮೇಡಂ, ನಂಬರ್ ಏರೇತ್ರಿ." ಹೇಳುವಾಗ ಮುಖದಲ್ಲಿ ಹೆದರಿಕೆ. ಮಗನ ಮೇಲೆ ಸಿಟ್ಟು. ನಾನು ಮೊದಲು ಕೇಳುವುದು ಇಷ್ಟು: ಏರಿದ್ದು ಕಣ್ಣಿನಲ್ಲೋ, ಚೀಟಿಯಲ್ಲೋ? ಎರಡೂ ಒಂದೇ ಅಂತ ನಾವು ಅಂದುಕೊಂಡಿದ್ದೇವೆ. ಕಣ್ಣು ಬೆಳೆದರೆ ನಂಬರ್ ಬದಲಾಗುತ್ತದೆ, ಸರಿ. ಆದರೆ ಅವತ್ತು ಕಣ್ಣು ದಣಿದಿದ್ದರೂ ಬದಲಾಗುತ್ತದೆ. ಬರೆಯುವವರು ಬೇರೆಯಾದರೂ ಬದಲಾಗುತ್ತದೆ. ಮೈಯಲ್ಲಿ ಸಕ್ಕರೆ ಏರಿದರೂ ಬದಲಾಗುತ್ತದೆ. ಯಾವುದರಿಂದ ಅಂತ ಗೊತ್ತಾಗುವವರೆಗೆ ಹೊಸ ಚಾಳೀಸು ಮಾಡಿಸಲು ಅವಸರ ಬೇಡ, ಮಗುವನ್ನು ಬೈಯುವುದಂತೂ ಬೇಡವೇ ಬೇಡ.

ಮೊದಲು ಆ ಸಂಖ್ಯೆ ಏನು ಹೇಳುತ್ತದೆ ನೋಡೋಣ. ಮೈನಸ್ ನಂಬರ್ ಇರುವವರು ಯಾರಾದರೂ ಒಬ್ಬರು ಮುಂದೆ ಬನ್ನಿ. ಹಾಂ, ಬಾ ತಮ್ಮಾ. ಚಾಳೀಸು ತೆಗೆದು ಒಂದು ಕಣ್ಣು ಮುಚ್ಚಿಕೋ. ಈ ಪೇಪರನ್ನು ಮುಖದ ಹತ್ತಿರ ಹಿಡಿ. ಅಕ್ಷರ ಸ್ಪಷ್ಟ ಇದೆಯಾ? ಈಗ ನಿಧಾನಕ್ಕೆ ದೂರ ಸರಿಸು. ಅಕ್ಷರದ ಅಂಚು ಎಲ್ಲಿ ಮಸುಕಾಗಲು ಶುರುವಾಗುತ್ತದೋ ಅಲ್ಲೇ ನಿಲ್ಲಿಸು. ಟೇಪ್ ಹಿಡಿದು ನೋಡೋಣ, 40 ಸೆಂಟಿಮೀಟರ್. 100ನ್ನು 40ರಿಂದ ಭಾಗಿಸಿದರೆ ಎರಡೂವರೆ. ಆ ಕಣ್ಣಿಗೆ ನಿನ್ನ ಚೀಟಿಯಲ್ಲಿ ಎಷ್ಟಿದೆ? ಮೈನಸ್ 2.50. ನೋಡಿ, ಹೊಂದಿತು.

ಮೈನಸ್ ನಂಬರ್ ಅಂದರೆ ಇದೇ. ಚಾಳೀಸು ಇಲ್ಲದ ಕಣ್ಣಿಗೆ ಎಲ್ಲಿಯವರೆಗೆ ಸ್ಪಷ್ಟ ಕಾಣುತ್ತದೆ ಅನ್ನುವುದರ ಲೆಕ್ಕ. ಮೈನಸ್ 1 ಇದ್ದವರಿಗೆ 1 ಮೀಟರ್‌ವರೆಗೆ, ಮೈನಸ್ 2 ಇದ್ದವರಿಗೆ 50 ಸೆಂಟಿಮೀಟರ್‌ವರೆಗೆ, ಮೈನಸ್ 5 ಇದ್ದವರಿಗೆ 20 ಸೆಂಟಿಮೀಟರ್‌ವರೆಗೆ. ಮನೆಯಲ್ಲಿ ಮಾಡಿ ನೋಡಿದರೆ ನಾಲ್ಕೈದು ಸೆಂಟಿಮೀಟರ್ ಹೆಚ್ಚುಕಡಿಮೆ ಬರಬಹುದು. ಸಿಲಿಂಡರ್ ನಂಬರ್, ಅಂದರೆ ಒಂದು ದಿಕ್ಕಿಗೆ ಮಾತ್ರ ಬೇಕಾಗುವ ಹೆಚ್ಚಿನ ನಂಬರ್, ಇದ್ದವರಿಗೆ ಇಷ್ಟು ನೇರವಾಗಿ ಹೊಂದುವುದಿಲ್ಲ. ಆದರೆ ಒಂದು ವಿಷಯ ಕೈಗೆ ಸಿಗುತ್ತದೆ. 1ರಿಂದ 2ಕ್ಕೆ ಹೋದಾಗ ಅರ್ಧ ಮೀಟರ್ ಕಳೆದುಹೋಯಿತು. 5ರಿಂದ 6ಕ್ಕೆ ಹೋದಾಗ ಮೂರು ಸೆಂಟಿಮೀಟರ್ ಅಷ್ಟೇ. ಸಣ್ಣ ನಂಬರ್ ಇರುವ ಮಗುವಿಗೆ ಚಿಗರಿ ಬಸ್ಸಿನ ಬೋರ್ಡ್ ಓದುವಾಗ ಅರ್ಧ ನಂಬರಿನ ವ್ಯತ್ಯಾಸ ಎದ್ದು ಕಾಣುವುದು ಅದಕ್ಕೇ.

ಚೀಟಿಯಲ್ಲಿ ಇನ್ನೊಂದು ಜಾಗ ಇದೆ, ಯಾರೂ ನೋಡುವುದಿಲ್ಲ. ನಂಬರಿನ ಪಕ್ಕ 6/6, 6/9 ಅಂತ ಬರೆದಿರುತ್ತಾರೆ. ಗ್ಲಾಸ್ ಹಾಕಿದ ಮೇಲೆ ಎಷ್ಟು ಕಾಣುತ್ತದೆ ಅನ್ನುವ ಅಳತೆ ಅದು. 6/6 ಅಂದರೆ ಸರಿಯಾಗಿ ಕಾಣುತ್ತದೆ, ಕೆಳಗಿನ ಅಂಕಿ ದೊಡ್ಡದಾದಷ್ಟೂ ಕಾಣುವುದು ಕಡಿಮೆ. ನಂಬರ್ ಮೈನಸ್ 4 ಆಗಿದ್ದರೂ ಅಲ್ಲಿ 6/6 ಇದ್ದರೆ ಕಣ್ಣು ತನ್ನ ಕೆಲಸ ಚೆನ್ನಾಗಿ ಮಾಡುತ್ತಿದೆ. ನಂಬರ್ ಬರೀ ಮೈನಸ್ 1 ಇದ್ದು, ಗ್ಲಾಸ್ ಹಾಕಿದರೂ 6/12 ಅಂತ ಇದ್ದರೆ ಅಲ್ಲಿ ಪ್ರಶ್ನೆ ಕೇಳಬೇಕು. ನನಗೆ ಹೆಚ್ಚು ಚಿಂತೆ ಆಗುವುದು ಈ ಎರಡನೇ ಚೀಟಿ ಕಂಡಾಗ.

ಈಗ ಬದಲಾವಣೆಗೆ ಬರೋಣ. ಗ್ಲಾಸುಗಳು 0.25ರ ಅಳತೆಯಲ್ಲಿ ಬರುತ್ತವೆ. ಇವತ್ತು ಬೆಳಿಗ್ಗೆ ಒಬ್ಬರು ಪರೀಕ್ಷೆ ಮಾಡಿ, ಸಂಜೆ ಇನ್ನೊಬ್ಬರು ಅದೇ ಕಣ್ಣನ್ನು ಪರೀಕ್ಷೆ ಮಾಡಿದರೆ ಕಾಲು ನಂಬರ್ ಆಚೀಚೆ ಆಗುವುದು ಸಾಮಾನ್ಯ. ಅದರಲ್ಲಿ ಯಾರ ತಪ್ಪೂ ಇಲ್ಲ. "ಇದು ಸ್ಪಷ್ಟನೋ, ಇದು ಸ್ಪಷ್ಟನೋ" ಅಂತ ನಾವು ಕೇಳುತ್ತೇವೆ, ನೀವು ಉತ್ತರ ಕೊಡುತ್ತೀರಿ. ನಿದ್ದೆ ಆಗಿರದಿದ್ದರೆ ಉತ್ತರ ಬೇರೆ ಬರುತ್ತದೆ. ಹೋದ ವರ್ಷ 2.25 ಇತ್ತು, ಈ ವರ್ಷ 2.50 ಅಂದರೆ ನಾನು ಏರಿದೆ ಅಂತ ಬರೆಯುವುದೇ ಇಲ್ಲ. ಹಳೆಯ ಚಾಳೀಸಿನಲ್ಲೇ ಚೆನ್ನಾಗಿ ಕಾಣುತ್ತಿದ್ದರೆ ಅದನ್ನೇ ಹಾಕಿಕೊಳ್ಳಲು ಹೇಳುತ್ತೇನೆ. ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಆದಾಗ ಅದು ಬದಲಾವಣೆ.

ಇಲ್ಲಿ ಹುಡುಗರಿಗೆ ಒಂದು ಮಾತು. ಎಳೆಯ ಕಣ್ಣಿಗೆ ಬೇಕಾದ್ದಕ್ಕಿಂತ ಜಾಸ್ತಿ ಮೈನಸ್ ಕೊಟ್ಟರೆ ಅಕ್ಷರ ಸಣ್ಣಗೆ, ಕಪ್ಪಗೆ ಕಾಣುತ್ತದೆ. ನೀವು ಖುಷಿಯಿಂದ "ಇದೇ ಚಲೋ ಐತ್ರಿ" ಅನ್ನುತ್ತೀರಿ. ಆದರೆ ಕಪ್ಪಗೆ ಕಾಣುವುದು ಬೇರೆ, ಹೆಚ್ಚು ಓದಲು ಆಗುವುದು ಬೇರೆ. ಅದಕ್ಕೇ ಕೊನೆಯಲ್ಲಿ ಕೆಂಪು ಹಸಿರು ಬೋರ್ಡ್ ತೋರಿಸುತ್ತೇವೆ. ಕೆಂಪಿನ ಮೇಲಿನ ಅಕ್ಷರ ಹೆಚ್ಚು ಸ್ಪಷ್ಟ ಇದ್ದರೆ ಮೈನಸ್ ಇನ್ನೂ ಸ್ವಲ್ಪ ಬೇಕು. ಹಸಿರಿನ ಮೇಲಿನದು ಹೆಚ್ಚು ಸ್ಪಷ್ಟ ಇದ್ದರೆ ಮೈನಸ್ ಜಾಸ್ತಿ ಆಗಿದೆ. ಆ ಬೋರ್ಡ್ ಬಂದಾಗ ಸುಮ್ನೆ ಒಂದು ಬಣ್ಣ ಹೇಳಿ ಮುಗಿಸಬೇಡಿ. ಎರಡೂ ಒಂದೇ ಥರ ಕಂಡರೆ ಒಂದೇ ಥರ ಅಂತಲೇ ಹೇಳಿ.

ಇನ್ನು ಬರೆಯುವ ರೀತಿ. ಇದನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಮನೆಗಳಲ್ಲಿ ಇದರಿಂದ ಜಗಳ ಆಗುವುದನ್ನು ನೋಡಿದ್ದೇನೆ. ಹಾವೇರಿ ಕಡೆಯ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು. ಬೇರೆ ಬೇರೆ ಕಡೆ ಮಾಡಿಸಿದ ಎರಡು ಚೀಟಿ, ನಡುವೆ ಕೆಲವೇ ದಿನ. "ಅಲ್ಲೆ ಮೈನಸ್ ಎರಡು ಬರದಾರ, ಇಲ್ಲೆ ಮೈನಸ್ ಮೂರು ಬರದಾರ. ಇಷ್ಟರಾಗ ಒಂದು ನಂಬರ್ ಏರಿದ್ರ ಹೆಂಗ್ರಿ ಮೇಡಂ? ಬರೀ ಮೊಬೈಲ್ ನೋಡತಾಳ್ರಿ ಇಕಿ." ಹುಡುಗಿ ತಲೆ ತಗ್ಗಿಸಿ ಕೂತಿದ್ದಳು.

ಬೋರ್ಡ್ ಮೇಲೆ ಆ ಎರಡನ್ನೂ ಬರೆಯುತ್ತೇನೆ, ನೋಡಿ. ಸ್ಫಿಯರ್ ಅಂದರೆ ಎಲ್ಲ ದಿಕ್ಕಿಗೂ ಒಂದೇ ಇರುವ ನಂಬರ್, ಆಕ್ಸಿಸ್ ಅಂದರೆ ಸಿಲಿಂಡರನ್ನು ಕೂಡಿಸುವ ಕೋನ. ಮೊದಲನೆಯದು: ಸ್ಫಿಯರ್ –2.00, ಸಿಲಿಂಡರ್ –1.00, ಆಕ್ಸಿಸ್ 180. ಎರಡನೆಯದು: ಸ್ಫಿಯರ್ –3.00, ಸಿಲಿಂಡರ್ +1.00, ಆಕ್ಸಿಸ್ 90.

ಈ ಎರಡೂ ಒಂದೇ ಗ್ಲಾಸ್. ಒಂದಿಷ್ಟೂ ವ್ಯತ್ಯಾಸ ಇಲ್ಲ. ಕೆಲವರು ಸಿಲಿಂಡರನ್ನು ಮೈನಸ್‌ನಲ್ಲಿ ಬರೆಯುತ್ತಾರೆ, ಕೆಲವರು ಪ್ಲಸ್‌ನಲ್ಲಿ. ಸ್ಫಿಯರಿಗೆ ಸಿಲಿಂಡರ್ ಕೂಡಿಸಿ: –2 ಮತ್ತು –1 ಸೇರಿ –3. ಸಿಲಿಂಡರಿನ ಚಿಹ್ನೆ ತಿರುಗಿಸಿ: –1 ಹೋಗಿ +1. ಆಕ್ಸಿಸನ್ನು 90 ಡಿಗ್ರಿ ತಿರುಗಿಸಿ: 180 ಹೋಗಿ 90. ಮೊದಲನೇ ಚೀಟಿ ಎರಡನೇ ಚೀಟಿ ಆಯಿತು. ಯಾವ ಚೀಟಿ ಕೊಟ್ಟು ಮಾಡಿಸಿದರೂ ಆ ಗ್ಲಾಸಿನಲ್ಲಿ ಅಡ್ಡ ದಿಕ್ಕಿಗೆ ಮೈನಸ್ 2, ಉದ್ದ ದಿಕ್ಕಿಗೆ ಮೈನಸ್ 3 ಇರುತ್ತದೆ.

ಎರಡು ಚೀಟಿ ಹೋಲಿಸಲು ಇನ್ನೂ ಸುಲಭದ ದಾರಿ ಇದೆ. ಸ್ಫಿಯರಿಗೆ ಸಿಲಿಂಡರಿನ ಅರ್ಧ ಸೇರಿಸಿ. ಮೊದಲನೆಯದು –2.50. ಎರಡನೆಯದೂ –2.50. ಈಗ ನಿಮ್ಮ ಕೈಯಲ್ಲಿರುವ ಹಳೆಯ ಚೀಟಿಗೂ ಹೊಸ ಚೀಟಿಗೂ ಈ ಲೆಕ್ಕ ಮಾಡಿ ನೋಡಿ. ಎರಡು ನಿಮಿಷ ಕೊಡುತ್ತೇನೆ.

ಹಿಂದೆ ಕೂತಿರುವ ಅಕ್ಕಾರು ನಗುತ್ತಿದ್ದಾರೆ. ಏರಿದೆ ಅಂದುಕೊಂಡದ್ದು ಏರಿರಲಿಲ್ಲ ಅಲ್ವಾ?

ಈಗ ಕಂಪ್ಯೂಟರ್ ಟೆಸ್ಟ್. ಗಲ್ಲ ಇಟ್ಟು ಒಳಗೆ ಚಿತ್ರ ನೋಡುವ ಮಷೀನ್, ಎಲ್ಲರಿಗೂ ಗೊತ್ತು. ಅದರಿಂದ ಹೊರಬರುವ ಸಣ್ಣ ಕಾಗದವನ್ನೇ ಕೆಲವರು ಚೀಟಿ ಅಂದುಕೊಳ್ಳುತ್ತಾರೆ. ಅದು ಪರೀಕ್ಷೆಯ ಆರಂಭ, ಅಷ್ಟೇ. ಸಪ್ತಾಪುರದ ಕೋಚಿಂಗ್ ಕ್ಲಾಸಿನಿಂದ ನೇರ ಬಂದ ಹುಡುಗನನ್ನು ನೆನೆಸಿಕೊಳ್ಳಿ. ಬೆಳಗಿನಿಂದ ಪುಸ್ತಕ, ನಡುವೆ ಮೊಬೈಲ್. ಹತ್ತಿರದ್ದನ್ನು ನೋಡಲು ಕಣ್ಣಿನ ಒಳಗಿನ ಸ್ನಾಯು ಬಿಗಿಯಾಗಿರುತ್ತದೆ. ದೂರ ನೋಡು ಅಂದಾಗ ಅದು ತಕ್ಷಣ ಸಡಿಲ ಆಗುವುದಿಲ್ಲ. ಮಷೀನ್ ಮೈನಸ್ 1.50 ಅನ್ನುತ್ತದೆ. ಕಣ್ಣಿಗೆ ಹನಿ ಹಾಕಿ, ಸ್ನಾಯು ಸಡಿಲ ಆದ ಮೇಲೆ ನೋಡಿದರೆ ಮೈನಸ್ 0.50 ಇರುತ್ತದೆ. ಅಂಥವರನ್ನು ನಾನು ನೋಡುತ್ತಲೇ ಇರುತ್ತೇನೆ. ಹನಿ ಹಾಕದೆ ಬರೆದಿದ್ದರೆ ಆ ಹುಡುಗ ಒಂದು ನಂಬರ್ ಜಾಸ್ತಿ ಹೊತ್ತು ತಿರುಗುತ್ತಿದ್ದ. ತಲೆನೋವು ಅನ್ನುತ್ತಿದ್ದ. ಮತ್ತೆ ನಂಬರ್ ಏರಿದೆಯೇನೋ ಅಂತ ಇನ್ನೊಂದು ಕಡೆ ಹೋಗುತ್ತಿದ್ದ.

ಅದಕ್ಕೆ ಪಾಲಕರಿಗೆ ನನ್ನ ವಿನಂತಿ. ಮಕ್ಕಳ ಮೊದಲ ಪರೀಕ್ಷೆಯಲ್ಲಿ, ಮತ್ತು ನಂಬರ್ ಒಮ್ಮೆಲೇ ಏರಿದಾಗ, ಹನಿ ಹಾಕಿ ನೋಡಿ ಅಂತ ನೀವೇ ಕೇಳಿ. ಹನಿ ಹಾಕಿದ ಮೇಲೆ ಒಂದೆರಡು ದಿನ ಹತ್ತಿರದ ಅಕ್ಷರ ಮಸುಕು, ಬಿಸಿಲಿಗೆ ಕಣ್ಣು ಚುಚ್ಚುತ್ತದೆ. ಅಟ್ರೋಪಿನ್ ಮುಲಾಮು ಆದರೆ ವಾರದ ಮೇಲೂ ಇರುತ್ತದೆ. ಪರೀಕ್ಷೆ ಹತ್ತಿರ ಇರುವಾಗ ಬರಬೇಡಿ, ರಜೆಯಲ್ಲಿ ಬನ್ನಿ.

ಇಷ್ಟೆಲ್ಲ ತೆಗೆದು ಹಾಕಿದ ಮೇಲೂ ಏರಿಕೆ ಉಳಿದರೆ, ಅದು ನಿಜವಾದ ಬೆಳವಣಿಗೆ. ಹುಟ್ಟಿದಾಗ ಕಣ್ಣಿನ ಉದ್ದ ಸುಮಾರು 17 ಮಿಲಿಮೀಟರ್. ದೊಡ್ಡವರಲ್ಲಿ ಸುಮಾರು 24. ಕೆಲವು ಮಕ್ಕಳಲ್ಲಿ ಅದು ನಿಲ್ಲಬೇಕಾದಲ್ಲಿ ನಿಲ್ಲದೆ ಹಿಂದಕ್ಕೆ ಉದ್ದ ಬೆಳೆಯುತ್ತದೆ. ದೂರದ ಬೆಳಕು ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾ ಮುಟ್ಟುವ ಮೊದಲೇ ಒಂದುಗೂಡುತ್ತದೆ. 1 ಮಿಲಿಮೀಟರ್ ಹೆಚ್ಚು ಬೆಳೆದರೆ ಎರಡೂವರೆಯಿಂದ ಮೂರು ನಂಬರ್. ಒಂದು ವರ್ಷದಲ್ಲಿ ಅರ್ಧ ನಂಬರ್ ಏರಿತು ಅಂದರೆ ಕಣ್ಣು ಉದ್ದವಾದದ್ದು ಮಿಲಿಮೀಟರಿನ ಐದನೇ ಒಂದು ಭಾಗ. ಪೊರೆ ಆಪರೇಶನ್ನಿಗೆ ಮೊದಲು ಕಣ್ಣಿನ ಉದ್ದ ಅಳೆಯುವ ಮಷೀನ್ ದೊಡ್ಡ ಆಸ್ಪತ್ರೆಗಳಲ್ಲಿ ಇರುತ್ತದೆ. ಬೇಗ ಏರುತ್ತಿರುವ ಮಗುವಿಗೆ ಅದರಲ್ಲಿ ವರ್ಷಕ್ಕೊಮ್ಮೆ ಅಳತೆ ಮಾಡಿಸಿದರೆ ಅನುಮಾನವೇ ಉಳಿಯುವುದಿಲ್ಲ.

"ಚಾಳೀಸು ಹಾಕಿದ ಮೇಲೇ ನಂಬರ್ ಏರಾಕ ಹತ್ತೇತ್ರಿ, ಹಾಕದಿದ್ರ ಚಲೋ ಇತ್ತು" ಅಂತ ಹೇಳುವವರು ಬಹಳ. ಮಗುವಿನ ಕಾಲು ಬೆಳೆದಾಗ ದೊಡ್ಡ ಚಪ್ಪಲಿ ತರುತ್ತೇವೆ. ಚಪ್ಪಲಿ ಹಾಕಿದ್ದಕ್ಕೇ ಕಾಲು ಬೆಳೆಯಿತು ಅನ್ನುವುದಿಲ್ಲವಲ್ಲ. ನಂಬರ್ ಕಡಿಮೆ ಕೊಟ್ಟರೆ ಕಣ್ಣು ನಿಧಾನಕ್ಕೆ ಏರುತ್ತದೆ ಅನ್ನುವ ನಂಬಿಕೆಯೂ ಇದೆ. ಮಲೇಷ್ಯಾದಲ್ಲಿ ಮಕ್ಕಳ ಮೇಲೆ ಎರಡು ವರ್ಷ ಅದನ್ನೇ ಮಾಡಿ ನೋಡಿದರು, 2002ರಲ್ಲಿ ಫಲಿತಾಂಶ ಬಂತು. ಕಡಿಮೆ ನಂಬರ್ ಕೊಟ್ಟ ಮಕ್ಕಳಲ್ಲಿ ಏರಿಕೆ ನಿಧಾನ ಆಗಲಿಲ್ಲ, ಸ್ವಲ್ಪ ಜಾಸ್ತಿಯೇ ಆಯಿತು. ಪೂರ್ತಿ ನಂಬರ್ ಕೊಡಿಸಿ, ಪೂರ್ತಿ ಹೊತ್ತು ಹಾಕಿಸಿ. ಗಜ್ಜರಿ ತಿನ್ನಿಸಿ, ಒಳ್ಳೆಯದೇ, ಆದರೆ ಅದರಿಂದ ಮೈನಸ್ ಇಳಿಯುವುದಿಲ್ಲ.

ಹಾಗಾದರೆ ಏನು ಕೆಲಸ ಮಾಡುತ್ತದೆ? ಚೀನಾದ ಗುವಾಂಗ್‌ಝೌ ಊರಿನ ಶಾಲೆಗಳಲ್ಲಿ ಒಂದನೇ ತರಗತಿ ಮಕ್ಕಳಿಗೆ ದಿನಾ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಆಡುವ ಪಿರಿಯಡ್ ಕೊಟ್ಟರು. ಮೂರು ವರ್ಷ ಆದ ಮೇಲೆ ನೋಡಿದರೆ ಆ ಶಾಲೆಗಳಲ್ಲಿ 100ಕ್ಕೆ ಸುಮಾರು 30 ಮಕ್ಕಳಿಗೆ ಹೊಸದಾಗಿ ಮೈನಸ್ ಬಂದಿತ್ತು. ಆ ಪಿರಿಯಡ್ ಇಲ್ಲದ ಶಾಲೆಗಳಲ್ಲಿ ಸುಮಾರು 40. 2015ರಲ್ಲಿ ಬಂದ ಲೆಕ್ಕ ಇದು. ಔಷಧ ಇಲ್ಲ, ಖರ್ಚು ಇಲ್ಲ, ಬರೀ ಬಯಲು. ಹೊರಗಿನ ಬೆಳಕು, ಗಿಡದ ನೆರಳಿನಲ್ಲೂ, ತರಗತಿಯ ಬೆಳಕಿಗಿಂತ ಹತ್ತಾರು ಪಟ್ಟು ಜಾಸ್ತಿ. ಆ ಬೆಳಕಿಗೆ ರೆಟಿನಾದಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ಹೆಚ್ಚಿ ಕಣ್ಣಿನ ಬೆಳವಣಿಗೆಗೆ ತಡೆ ಬೀಳುತ್ತದೆ ಅನ್ನುತ್ತಾರೆ. ಮೈನಸ್ ಬರದ ಹಾಗೆ ತಡೆಯುವುದರಲ್ಲಿ ಇದರ ಪರಿಣಾಮ ಸ್ಪಷ್ಟ ಇದೆ. ಬಂದ ಮೇಲೆ ಏರಿಕೆ ತಡೆಯುವುದರಲ್ಲಿ ಅಷ್ಟು ಜೋರಾಗಿ ಇಲ್ಲ. ಅಂದರೆ ಇಲ್ಲಿ ಕೂತಿರುವ ಪಿಯು ಹುಡುಗರಿಗಿಂತ ಮನೆಯಲ್ಲಿರುವ ಅವರ ತಮ್ಮ ತಂಗಿಯರಿಗೆ ಇದು ಹೆಚ್ಚು ಬೇಕು.

ನನಗೆ ಬೇಸರ ಆಗುವ ಸಂಗತಿ ಹೇಳಿಬಿಡುತ್ತೇನೆ. ಧಾರವಾಡದಂಥ ಊರು, ಇಷ್ಟು ಮೈದಾನ, ಇಷ್ಟು ಗಿಡ. ಮಳೆಗಾಲ ಬಿಟ್ಟರೆ ವರ್ಷವಿಡೀ ಹೊರಗೆ ಇರಬಹುದಾದ ಹವಾ. ಆದರೂ ಐದನೇ ತರಗತಿ ಮಗುವಿಗೆ ಶಾಲೆ ಬಿಟ್ಟ ಕೂಡಲೇ ಟ್ಯೂಷನ್, ಟ್ಯೂಷನ್ ಬಿಟ್ಟಾಗ ಕತ್ತಲೆ. ಸಂಜೆಯ ಒಂದು ಗಂಟೆ ಬೆಳಕನ್ನು ಆ ಮಗುವಿಗೆ ಬಿಟ್ಟುಕೊಡಿ. ದಿನಕ್ಕೆ ಎರಡು ಗಂಟೆ ಆದರೆ ಇನ್ನೂ ಒಳ್ಳೆಯದು.

ಬೇಗ ಏರುವ ಮಕ್ಕಳಿಗೆ ಈಗ ಚಿಕಿತ್ಸೆಗಳೂ ಬಂದಿವೆ. ಬಹಳ ಕಡಿಮೆ ಶಕ್ತಿಯ ಅಟ್ರೋಪಿನ್ ಹನಿ ಇದೆ, ರಾತ್ರಿ ಮಲಗುವಾಗ ಹಾಕುವುದು. ವಿಶೇಷ ಚಾಳೀಸಿನ ಗ್ಲಾಸುಗಳಿವೆ. ಅವುಗಳ ನಡುವಿನ ಭಾಗದಲ್ಲಿ ಮಾಮೂಲಿ ನಂಬರ್, ಸುತ್ತ ಸಣ್ಣ ಸಣ್ಣ ಲೆನ್ಸುಗಳು. ಅಂಥ ಒಂದು ಗ್ಲಾಸಿನ ಮೇಲೆ ಹಾಂಗ್‌ಕಾಂಗ್‌ನಲ್ಲಿ ಎರಡು ವರ್ಷ ನಡೆದ ಪರೀಕ್ಷೆಯಲ್ಲಿ ಏರಿಕೆ ಸುಮಾರು ಅರ್ಧಕ್ಕೆ ಇಳಿಯಿತು. ಯಾವುದೂ ಇರುವ ನಂಬರನ್ನು ಕಡಿಮೆ ಮಾಡುವುದಿಲ್ಲ, ಮುಂದಿನ ಏರಿಕೆಯನ್ನು ನಿಧಾನ ಮಾಡುತ್ತದೆ. ಯಾವ ಮಗುವಿಗೆ ಬೇಕು ಅಂತ ಕಣ್ಣಿನ ಡಾಕ್ಟರ್ ನಿರ್ಧಾರ ಮಾಡಬೇಕು.

ದೊಡ್ಡವರ ವಿಷಯ ಬೇರೆ. 25 ದಾಟಿದ ಮೇಲೆ ಮೈನಸ್ ಒಮ್ಮೆಲೇ ಏರಿದರೆ ಕಾರಣ ಬೇರೆ ಕಡೆ ಹುಡುಕಬೇಕು. ಮೊದಲು ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ಏರಿದಾಗ ಕಣ್ಣೊಳಗಿನ ಲೆನ್ಸ್ ನೀರು ಹೀರಿಕೊಂಡು ಉಬ್ಬುತ್ತದೆ, ಸಾಮಾನ್ಯವಾಗಿ ಮೈನಸ್ ಜಾಸ್ತಿ ಆಗುತ್ತದೆ. ಔಷಧ ಶುರುವಾಗಿ ಸಕ್ಕರೆ ಇಳಿದಾಗ ನಂಬರ್ ಮತ್ತೆ ಬೇರೆ. ಆ ನಡುವಿನಲ್ಲಿ ಚಾಳೀಸು ಮಾಡಿಸಿದರೆ ಹಣ ದಂಡ. ಸಕ್ಕರೆ ಒಂದು ಹದಕ್ಕೆ ಬಂದು ಕೆಲವು ವಾರ ಆಗಲಿ. ಇನ್ನು ಮನೆಯ ಅಜ್ಜ, ಎಷ್ಟೋ ವರ್ಷದ ಮೇಲೆ ಚಾಳೀಸಿಲ್ಲದೆ ಪೇಪರ್ ಓದಲು ಶುರು ಮಾಡಿದರೆ ಮನೆಯವರೆಲ್ಲ ಖುಷಿಪಡುತ್ತಾರೆ. ಪೊರೆ ಗಟ್ಟಿಯಾಗುತ್ತಾ ಮೈನಸ್ ಬಂದಿದೆ ಅಂತ ಅದರ ಅರ್ಥ ಇರಬಹುದು. ದೂರದ್ದು ಹೇಗೆ ಕಾಣುತ್ತದೆ ಅಂತ ಅಜ್ಜನನ್ನು ಕೇಳಿ ನೋಡಿ.

ಹರೆಯದವರಲ್ಲಿ ನಾನು ಕಣ್ಣಿಟ್ಟು ನೋಡುವುದು ಸಿಲಿಂಡರನ್ನು. ವರ್ಷದಿಂದ ವರ್ಷಕ್ಕೆ ಸಿಲಿಂಡರ್ ಏರುತ್ತಿದೆ, ಆಕ್ಸಿಸ್ ತಿರುಗುತ್ತಿದೆ, ಗ್ಲಾಸ್ ಹಾಕಿದರೂ 6/6 ಬರುತ್ತಿಲ್ಲ, ಜೊತೆಗೆ ಅಲರ್ಜಿಯಿಂದ ಕಣ್ಣು ಉಜ್ಜುವ ಚಟ ಇದೆ. ಹೀಗಿದ್ದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ತೆಳ್ಳಗಾಗಿ ಮುಂದಕ್ಕೆ ಚೂಪಾಗುತ್ತಿರಬಹುದು. ಕೆರಾಟೊಕೋನಸ್ ಅನ್ನುತ್ತಾರೆ. ಕಾರ್ನಿಯಾದ ಆಕಾರದ ಸ್ಕ್ಯಾನ್ ಮಾಡಿಸಬೇಕು. ಬೇಗ ಗೊತ್ತಾದರೆ ಕ್ರಾಸ್‌ಲಿಂಕಿಂಗ್ ಅನ್ನುವ ಚಿಕಿತ್ಸೆಯಿಂದ ಅದನ್ನು ಅಲ್ಲಿಗೇ ನಿಲ್ಲಿಸಲು ಸಾಧ್ಯ. ಧೂಳಿನ ದಿನಗಳಲ್ಲಿ ಕಣ್ಣು ಉಜ್ಜುವ ಮಕ್ಕಳನ್ನು ದಯವಿಟ್ಟು ತಡೆಯಿರಿ, ಅಲರ್ಜಿಗೆ ಔಷಧ ಹಾಕಿಸಿ.

ಕಾಂಟ್ಯಾಕ್ಟ್ ಲೆನ್ಸ್ ಬಗ್ಗೆ ನೀವು ಬರೆದು ಕೊಟ್ಟ ಮೂರು ಕಾಗದದಲ್ಲಿ ಪ್ರಶ್ನೆ ಬಂದಿದೆ. "ಚಾಳೀಸಿನ ನಂಬರ್ ಮೈನಸ್ 6, ಲೆನ್ಸ್ ಮೈನಸ್ 5.50 ಕೊಟ್ಟಿದ್ದಾರೆ, ತಪ್ಪಾ?" ಸರಿ ಇದೆ. ಚಾಳೀಸು ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ಮುಂದೆ ಕೂತಿರುತ್ತದೆ, ಲೆನ್ಸ್ ಕಣ್ಣಿನ ಮೇಲೇ ಕೂಡುತ್ತದೆ. ಹತ್ತಿರ ಬಂದಷ್ಟೂ ಕಡಿಮೆ ಮೈನಸ್ ಸಾಕು. ಮೈನಸ್ 4ರ ಒಳಗೆ ಈ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ. 8ಕ್ಕೆ 7.25, 10ಕ್ಕೆ 9 ಆಗುತ್ತದೆ. ಸಿಲಿಂಡರ್ ಸಣ್ಣದಿದ್ದರೆ ಅದರ ಅರ್ಧವನ್ನು ಸ್ಫಿಯರಿನಲ್ಲಿ ಸೇರಿಸಿಬಿಡುತ್ತಾರೆ, ಹಾಗಾಗಿ ಲೆನ್ಸ್ ಚೀಟಿಯಲ್ಲಿ ಸಿಲಿಂಡರ್ ಕಾಣದೇ ಇರಬಹುದು. ಲೆನ್ಸಿಗೆ ಬಾಗಿನ ಅಳತೆ, ಅಗಲದ ಅಳತೆ ಬೇರೆ ಇರುತ್ತವೆ. ಚಾಳೀಸಿನ ಚೀಟಿ ನೋಡಿ ಆನ್‌ಲೈನ್‌ನಲ್ಲಿ ಲೆನ್ಸ್ ತರಿಸಬೇಡಿ. ಲೆನ್ಸ್ ಹಾಕಿಕೊಂಡು ಮಲಗಬೇಡಿ, ನಲ್ಲಿ ನೀರಿನಲ್ಲಿ ತೊಳೆಯಬೇಡಿ. 40ರ ಹತ್ತಿರ ಇರುವವರಿಗೆ ಇನ್ನೊಂದು. ಚಾಳೀಸಿನಿಂದ ಲೆನ್ಸಿಗೆ ಬದಲಾದಾಗ ಹತ್ತಿರದ್ದು ಓದಲು ಸ್ವಲ್ಪ ಕಷ್ಟ ಅನಿಸುತ್ತದೆ. ಮೈನಸ್ ಚಾಳೀಸು ಓದುವಾಗ ಕೊಡುತ್ತಿದ್ದ ಸಣ್ಣ ಸಹಾಯ ಲೆನ್ಸಿನಲ್ಲಿ ಇರುವುದಿಲ್ಲ. ನಂಬರ್ ತಪ್ಪಿದೆ ಅಂತಲ್ಲ.

ಇದೇ ಕಾರಣಕ್ಕೆ ಚಾಳೀಸು ಮೂಗಿನ ಮೇಲೆ ಕೆಳಗೆ ಜಾರಿದರೆ ದೂರದ್ದು ಮಸುಕಾಗುತ್ತದೆ. ದೊಡ್ಡ ನಂಬರ್ ಇದ್ದವರು ಮೊದಲು ಫ್ರೇಮ್ ಸರಿ ಮಾಡಿಸಿ, ಗೀರು ಬಿದ್ದಿದೆಯಾ ನೋಡಿ. ಅಂಗಡಿಯಲ್ಲಿ ಲೆನ್ಸ್ ಮೀಟರ್ ಇರುತ್ತದೆ, ಗ್ಲಾಸಿನಲ್ಲಿ ಇರುವ ನಂಬರ್ ಚೀಟಿಯ ನಂಬರಿಗೆ ಹೊಂದುತ್ತದಾ ಅಂತ ಒಂದು ನಿಮಿಷದಲ್ಲಿ ಹೇಳುತ್ತಾರೆ. ಹೊಸ ಚಾಳೀಸು ಬಂದ ದಿನ ಅದನ್ನು ಕೇಳಿ ಮಾಡಿಸಿಕೊಳ್ಳಿ.

ಕೊನೆಯ ಪ್ರಶ್ನೆ ಒಬ್ಬ ವಿದ್ಯಾರ್ಥಿನಿಯದು. ಲೇಸರ್ ಆಪರೇಶನ್ ಮಾಡಿಸಿದರೆ ಎಲ್ಲ ಮುಗಿಯುತ್ತದಲ್ಲ ಅಂತ. 18 ತುಂಬಿರಬೇಕು. ಅದಕ್ಕಿಂತ ಮುಖ್ಯ, ಕನಿಷ್ಠ ಒಂದು ವರ್ಷ ನಂಬರ್ ಅರ್ಧಕ್ಕಿಂತ ಜಾಸ್ತಿ ಬದಲಾಗಿರಬಾರದು. ಹೆಚ್ಚಿನವರಲ್ಲಿ 15, 16ರ ಹೊತ್ತಿಗೆ ಏರಿಕೆ ನಿಧಾನ ಆಗುತ್ತದೆ, ಕೆಲವರಲ್ಲಿ 20 ದಾಟಿದ ಮೇಲೂ ಇರುತ್ತದೆ. ಅವಸರ ಮಾಡಿದರೆ ಆಪರೇಶನ್ ಆದ ಮೇಲೂ ನಂಬರ್ ಬರುತ್ತದೆ. ಮಾಡಿಸಿದರೆ ಮೊದಲಿನ ನಂಬರನ್ನು ಎಲ್ಲಾದರೂ ಬರೆದಿಡಿ, ವಯಸ್ಸಾದಾಗ ಪೊರೆ ಆಪರೇಶನ್ನಿಗೆ ಲೆನ್ಸ್ ಲೆಕ್ಕ ಹಾಕಲು ಅದು ಬೇಕಾಗುತ್ತದೆ.

ಮತ್ತೆ, ಲೇಸರ್ ಸರಿ ಮಾಡುವುದು ಕಣ್ಣಿನ ಮುಂಭಾಗವನ್ನು. ಕಣ್ಣಿನ ಉದ್ದ ಹಾಗೇ ಇರುತ್ತದೆ. ಉದ್ದ ಕಣ್ಣಿನಲ್ಲಿ ರೆಟಿನಾ ಎಳೆದು ತೆಳ್ಳಗಾಗಿರುತ್ತದೆ. ಮೈನಸ್ 6 ದಾಟಿದವರಲ್ಲಿ ರೆಟಿನಾ ಕಿತ್ತು ಬರುವ ಅಪಾಯ, ಗ್ಲಾಕೋಮಾ ಅನ್ನುವ ಕಣ್ಣಿನ ನರದ ಕಾಯಿಲೆಯ ಅಪಾಯ ಉಳಿದವರಿಗಿಂತ ಜಾಸ್ತಿ, ಚಾಳೀಸು ಇರಲಿ, ಆಪರೇಶನ್ ಆಗಿರಲಿ. ಅವರು ವರ್ಷಕ್ಕೊಮ್ಮೆ ಹನಿ ಹಾಕಿಸಿ ರೆಟಿನಾ ತೋರಿಸಬೇಕು. ಒಮ್ಮೆಲೇ ಕಣ್ಣ ಮುಂದೆ ಕಪ್ಪು ಚುಕ್ಕೆಗಳು ಹೆಚ್ಚಾದರೆ, ಕತ್ತಲಲ್ಲಿ ಮಿಂಚು ಹೊಡೆದಂತೆ ಕಂಡರೆ, ಒಂದು ಬದಿಯಿಂದ ಪರದೆ ಇಳಿದಂತೆ ಆದರೆ, ನಂಬರ್ ಏರಿರಬೇಕು ಅಂತ ಚಾಳೀಸಿನ ಅಂಗಡಿಗೆ ಹೋಗಿ ಕೂಡಬೇಡಿ. ನೋವು ಇರುವುದಿಲ್ಲ, ಹಾಗಾಗಿ ನಾಳೆ ನೋಡೋಣ ಅನಿಸುತ್ತದೆ. ಅವತ್ತೇ ರೆಟಿನಾ ನೋಡುವ ಡಾಕ್ಟರ್ ಇರುವ ಆಸ್ಪತ್ರೆಗೆ ಹೋಗಿ.